ಅಪ್ಪನ ಬೆಲ್ಲಕ್ಕೆ ತೆಗೆದ ಗ್ರಾಫು

ತೊಂಬತ್ತರ ದಶಕದ ನಡುವಿನಲ್ಲಿ ನಾನು ಪಾಂಡವಪುರದಿಂದ ದಿನಾ ರೈಲು ಹತ್ತಿ ಮೈಸೂರಿಗೆ ಹೋಗಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಕೊನೆಯ ವರ್ಷ ಆಧುನಿಕ ವಿಶ್ಲೇಷಣಾ ವಿಧಾನಗಳು ಎಂಬ ಪತ್ರಿಕೆ ಇತ್ತು. ಅಲ್ಲಿಯವರೆಗೆ ಬ್ಯುರೆಟ್ಟಿನ ಹನಿ ನೋಡಿಯೇ ಕಣ್ಣು ಸವೆಸಿದ್ದ ನಮಗೆ, ಬೆಳಕು ಹಾಯಿಸಿ ಬಣ್ಣ ಅಳೆದು ತಾನೇ ಗ್ರಾಫು ಬರೆಯುವ ಯಂತ್ರ ಕಂಡರೆ ಕೈಮುಗಿಯುವಷ್ಟು ಭಕ್ತಿ. ನನಗಂತೂ ತುಸು ಜಾಸ್ತಿಯೇ. ಯಂತ್ರ ಹೇಳಿದ ಮೇಲೆ ಮುಗಿಯಿತು, ಅದರ ಮೇಲೆ ಯಾರೂ ಮಾತಾಡುವಂತಿಲ್ಲ ಎಂದು ನಂಬಿದ್ದೆ.

ಮನೆಯಿಂದ ಏನಾದರೂ ತನ್ನಿ, ಪರೀಕ್ಷಿಸೋಣ ಎಂದರು ಪಾಠ ಮಾಡುತ್ತಿದ್ದ ಮೇಡಂ. ಒಬ್ಬಳು ತೊಣ್ಣೂರು ಕೆರೆಯ ನೀರು ತಂದಳು. ನಾನು ಜಂಬದಿಂದ ನಮ್ಮ ಆಲೆಮನೆಯ ಬೆಲ್ಲ ತಂದೆ. ಹೊಂಬಣ್ಣದ ಅಚ್ಚು, ನೋಡಿದರೆ ಬಾಯಲ್ಲಿ ನೀರೂರಬೇಕು. ಕರಗಿಸಿ ಮದ್ದು ಹಾಕಿದ್ದೇ ತಡ, ಕಡುಗುಲಾಬಿ ಬಣ್ಣ ಬಂತು, ಯಂತ್ರದ ಪೆನ್ನು ಕಾಗದದ ಮೇಲೆ ಗುಡ್ಡ ಹತ್ತಿತು. ಗಂಧಕದ ಅಂಶ. ಬೆಲ್ಲ ಬೆಳ್ಳಗಾಗಲೆಂದು ಕುದಿಯುವ ಪಾಕಕ್ಕೆ ಎಲ್ಲ ಆಲೆಮನೆಯವರೂ ಹಾಕುವ ಹೈಡ್ರೋಸ್ ಎಂಬ ಬಿಳಿ ಪುಡಿಯದು. "ಇಷ್ಟೊಂದಾ?" ಎಂದರು ಮೇಡಂ. ನನಗೆ ತಲೆ ಎತ್ತಲಾಗಲಿಲ್ಲ.

ಸಂಜೆ ಚೀಲ ಕೆಳಗಿಡುವ ಮೊದಲೇ ಅಪ್ಪನ ಮೇಲೆ ಹರಿಹಾಯ್ದೆ. ಅಪ್ಪ ಕೊಪ್ಪರಿಗೆಯಿಂದ ಕಣ್ಣು ತೆಗೆಯದೆ ಎಲ್ಲ ಕೇಳಿಸಿಕೊಂಡ.

"ಇಸವಾ ಅದು?"

"ಅಷ್ಟೊಂದು ಹೊಟ್ಟೇಗೋದ್ರೆ ಒಳ್ಳೇದಲ್ಲ ಕಣಪ್ಪ."

"ಅಂಗಾರೆ ಬುಡು. ಓದ್ದೋಳು ನೀನು. ನಾಳಿಂದ ಆಕಾಕಿಲ್ಲ."

ಪುಡಿಯ ಡಬ್ಬಿಯನ್ನು ಮುಚ್ಚಿ ಗೋಡೆಯ ಗೂಡಿಗೆ ಎತ್ತಿಟ್ಟ. ಅಷ್ಟೇ. ಅಪ್ಪ ನನ್ನ ಜೊತೆ ಜಗಳವಾಡಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಮರುದಿನದಿಂದ ಬೆಂಡೆಗಿಡದ ಲೋಳೆ, ಚೂರು ಸುಣ್ಣ, ಇಷ್ಟರಲ್ಲೇ ಪಾಕದ ಕೊಳೆ ತೆಗೆದ. ಬೆಲ್ಲ ಹುರಿದ ಹುಣಸೆಬೀಜದ ಬಣ್ಣಕ್ಕೆ ಬಂತು. ಅದನ್ನೂ ಯಂತ್ರಕ್ಕೆ ಕೊಟ್ಟೆ. ಈ ಸಲ ಪೆನ್ನು ತಲೆ ಎತ್ತದೆ ನೆಟ್ಟಗೆ ಸಾಗಿತು. ಆ ಗ್ರಾಫನ್ನು ಮೇಡಂ ಹತ್ತಿರ ಕೇಳಿ ಮನೆಗೆ ತಂದೆ. ಅಪ್ಪ ಟವೆಲಿಗೆ ಕೈ ಒರೆಸಿಕೊಂಡು ಅದನ್ನು ಇಸಿದುಕೊಂಡ. "ಮಂಡೀಗೆ ಇದ್ನೂ ತಗೊಂಡೋಗವ. ನೀನೂ ಬಾ," ಎಂದ.

ಮಂಡ್ಯದ ಮಂಡಿಯಲ್ಲಿ ಸಾಹುಕಾರರು ಬೆಲ್ಲದ ಚೂರು ಮುರಿದು, ಬಾಯಿಗೂ ಹಾಕಿಕೊಳ್ಳದೆ, ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಅವರದೂ ಬೆಳಕಿನ ಪರೀಕ್ಷೆಯೇ. ಅಪ್ಪ ಗ್ರಾಫು ಬಿಡಿಸಿ ಮುಂದಿಟ್ಟ.

"ಮಗಳು ಮಿಸಿನ್ನಲ್ಲಿ ನೋಡವ್ಳೆ ಸಾವ್ಕಾರ್ರೇ. ಒಂದ್ಚೂರೂ ಬೆರಕೆ ಇಲ್ಲ."

"ಕಾಗ್ದವೇನೋ ಬೆಳ್ಳಗದೆ ಗೌಡ್ರೇ. ಬೆಲ್ಲ ಬೆಳ್ಳಗಿಲ್ವಲ್ಲ."

ಸುತ್ತ ಇದ್ದವರು ನಕ್ಕರು. ಸಾಹುಕಾರರು ಕೆಟ್ಟವರೇನಲ್ಲ. ನನ್ನ ಕಡೆ ತಿರುಗಿ, "ನೀನೇ ಯೋಳವ್ವ, ಏನದೆ ಇದ್ರಲ್ಲಿ?" ಎಂದರು. ನನ್ನ ನಾಲಿಗೆಗೆ ಬಂದದ್ದೆಲ್ಲ ಪಾಠದ ಇಂಗ್ಲಿಷು. ವೇವ್‌ಲೆಂತು, ಅಬ್ಸಾರ್ಬೆನ್ಸು. ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯುತ್ತಿದ್ದ ನನಗೆ, ನಮ್ಮಪ್ಪನ ಬೆಲ್ಲ ಒಳ್ಳೆಯದು, ಮಕ್ಕಳಿಗೆ ಧೈರ್ಯವಾಗಿ ಕೊಡಿ ಎನ್ನುವ ಒಂದು ಕನ್ನಡ ಮಾತು ಹೊರಡಲಿಲ್ಲ. ಅಪ್ಪ ನನ್ನ ಬಾಯನ್ನೇ ನೋಡುತ್ತಾ ನಿಂತಿದ್ದ. ಆಮೇಲೆ ಗ್ರಾಫು ಮಡಚಿ ಜೇಬಿಗಿಟ್ಟುಕೊಂಡ. ಕಳ್ಳಬಟ್ಟಿಯವರಿಗೆ ಹೋಗುವ ಕರಿಬೆಲ್ಲದ ದರಕ್ಕೆ ನಮ್ಮ ಬೆಲ್ಲವೂ ಹೋಯಿತು.

ಬಸ್ಸಿನಲ್ಲಿ ಅಪ್ಪ ನನ್ನನ್ನೇ ಸಮಾಧಾನ ಮಾಡಿದ. "ನಿನ್ ಮಿಸಿನ್ನು ಸುಳ್ಳೇಳಾಕಿಲ್ಲ ಬುಡವ್ವ."

ಆ ಪತ್ರಿಕೆಯಲ್ಲಿ ನನಗೆ ಒಳ್ಳೆಯ ಅಂಕ ಬಂತು. ಅಂಕಪಟ್ಟಿ ನೋಡಿದಾಗಲೆಲ್ಲ ಮಂಡಿಯ ಆ ಬಾಗಿಲೇ ಕಣ್ಣಮುಂದೆ ಬರುತ್ತದೆ. ಈಗ ಪೇಟೆಯವರು ಕಪ್ಪು ಬೆಲ್ಲವನ್ನು ಹುಡುಕಿಕೊಂಡು ಬರುತ್ತಾರೆ. ಅಪ್ಪ ಇಲ್ಲ.

ಆ ಸಲ ಮಂಡಿಯಿಂದ ಬಂದ ವಾರದಲ್ಲೇ ಮತ್ತೆ ಆಲೆ ಹೂಡಿದ್ದೆವು. ಚಿಕ್ಕಂದಿನಿಂದ ಕೂರುತ್ತಿದ್ದ ಜಾಗದಲ್ಲಿ, ಬಿಸಿ ಪಾಕ ಸವಿಯಲು ಕಬ್ಬಿನ ತುಂಡು ಹಿಡಿದು ಕೂತಿದ್ದೆ. ಪಾಕ ಉಕ್ಕಿ ಬಂತು. ಅಪ್ಪ ಗೂಡಿನಲ್ಲಿದ್ದ ಡಬ್ಬಿಗೆ ಕೈ ಹಾಕಿದವನು ನನ್ನನ್ನು ನೋಡಿ ತಡೆದ.

"ಒಳೀಕೋಗವ್ವ, ಕಣ್ಗೆ ಒಗೆ ಒಡೀತದೆ."

ಹೊಗೆ ಆಚೆ ಕಡೆಗೆ ಹೋಗುತ್ತಿತ್ತು. ನಾನು ಎದ್ದು ಬಾಗಿಲು ದಾಟುವವರೆಗೂ ಅಪ್ಪ ಆ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.