ಮಂಜೂರಾಗದ ನಗು

೧೩ ಅಕ್ಟೋಬರ್ ೧೯೬೮, ರವಿವಾರ. ಬೆಳಿಗ್ಗೆ ಹತ್ತೂವರೆ. ಮುಂಡಗೋಡ.

ದೀಪಾವಳಿ ಹತ್ತಿರ ಬಂತೆಂದು ನಮ್ಮ ಮನೆಯೊಡತಿ ಇಂದು ಹಿತ್ತಿಲಲ್ಲಿ ಸುಣ್ಣದ ಹರಳು ನೆನೆಹಾಕಿದರು. ಹಳೆಯ ಎಣ್ಣೆ ಡಬ್ಬಿಯಲ್ಲಿ ನೀರು ಬಿದ್ದ ಕೂಡಲೇ ಸುಣ್ಣ ಕೊತಕೊತ ಕುದಿಯಿತು. ಹಬೆಯ ಜೊತೆ ಎದ್ದ ವಾಸನೆ ನನ್ನ ಕೋಣೆಯವರೆಗೂ ಬಂತು. ನಾನು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಕೆಂಪು ಪೆನ್ಸಿಲು ಕೆಳಗಿಟ್ಟವಳು ಮತ್ತೆ ಎತ್ತಿಕೊಳ್ಳಲಿಲ್ಲ. ಹಸಿ ಸುಣ್ಣದ ವಾಸನೆ ಬಂದರೆ ಬೇರೆಯವರಿಗೆ ಹಬ್ಬ ನೆನಪಾಗುತ್ತದೆ. ನನಗೆ ಸಿಟ್ಟು ಬರುತ್ತದೆ...

ಐದು ವರ್ಷದ ಹಿಂದೆ ನಾನು ಹಳಿಯಾಳದಿಂದ ದಾಂಡೇಲಿಗೆ ಹೋಗುವ ದಾರಿಯ ಒಂದು ಸಣ್ಣ ಊರಿನಲ್ಲಿ ಶಿಕ್ಷಕಿಯಾಗಿದ್ದೆ. ಅದು ನನ್ನ ಮೊದಲ ನೌಕರಿ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಾನು ಹೇಳಲಿರುವ ಮೂವರಿಗೆ ಸಹಿ ಮಾಡಲು ಇನ್ನೊಂದು ಗೋಡೆ ಕೊಟ್ಟಂತಾಗುತ್ತದೆ. ಆ ಶಾಲೆಯಲ್ಲಿ ಒಬ್ಬ ಚಿತ್ರದ ಮಾಸ್ತರಿದ್ದರು. ಧಾರವಾಡದ ಕಡೆಯವರು. ಹೆಂಡತಿ ತೀರಿಕೊಂಡಿದ್ದರು, ಮಗಳನ್ನು ಜೋಯಿಡಾದ ಕಡೆ ಕೊಟ್ಟಿದ್ದರು. ಕೋಟಿನ ಬಲ ಕಿಸೆ ಸದಾ ಸೀಮೆಸುಣ್ಣದಿಂದ ಬೆಳ್ಳಗಿರುತ್ತಿತ್ತು. ತರಗತಿಗೆ ಬಂದವರೇ ಹಲಗೆಯ ಮೇಲೆ ಬರೆಯಲು ಶುರುಮಾಡುತ್ತಿದ್ದರು. ಬಿದಿರು ಹೊತ್ತ ಲಾರಿ, ಕಾಗದದ ಕಾರ್ಖಾನೆಯ ಪಾಳಿ ಬಿಟ್ಟು ಸೈಕಲ್ಲಿನಲ್ಲಿ ಬರುವ ಜನ, ನೀರಿಗೆ ಇಳಿಯಲೊಲ್ಲದ ಎಮ್ಮೆ. ಮಕ್ಕಳು ಅರ್ಧ ನೋಡುವುದರೊಳಗೆ ಗಂಟೆ ಹೊಡೆಯುತ್ತಿತ್ತು. ಮುಂದಿನ ತಾಸು ಗಣಿತದ್ದು. ಮಾಸ್ತರು ತಾವೇ ಬಟ್ಟೆ ಹಿಡಿದು ಎಲ್ಲವನ್ನೂ ಒರೆಸಿ ಹೊರಬರುತ್ತಿದ್ದರು.

ಆ ವರ್ಷ ಪುರಸಭೆಯವರು ಹೊಸ ಸಂತೆಕಟ್ಟೆ ಕಟ್ಟಿಸಿದರು. ಅದರ ಹಿಂದಿನ ಉದ್ದ ಗೋಡೆ ನಮ್ಮ ಶಾಲೆಯ ಮಗ್ಗುಲಿಗೇ ಇತ್ತು. ರಸ್ತೆಯ ಆಚೆ ಪುರಸಭೆಯ ಕಚೇರಿ. ಗೋಡೆ ಬೋಳಾಗಿ ಕಾಣುತ್ತದೆ, ಚಿತ್ರ ಬರೆಸಿದರೆ ಊರಿಗೆ ಶೋಭೆ ಎಂದು ಯಾರೋ ಹೇಳಿದರು. ಮಾಸ್ತರು ತಾವೇ ಹೋಗಿ ಕೇಳಿಕೊಂಡರು. ಹಣ ಬೇಡ, ಸುಣ್ಣ ಮತ್ತು ಬಣ್ಣ ಕೊಟ್ಟರೆ ಸಾಕು ಎಂದರು. ಆ ಮೇ ತಿಂಗಳಿಗೆ ಅವರ ನೌಕರಿ ಮುಗಿಯುವುದಿತ್ತು.

"ಅಕ್ಕೋರ, ಇಷ್ಟು ವರ್ಷ ಬರದದ್ದೆಲ್ಲಾ ಬೆಲ್ ಆದ ಕೂಡ್ಲೇ ಒರಸೇನಿ," ಎಂದು ಅಂದು ಶಾಲೆಯ ಪಡಸಾಲೆಯಲ್ಲಿ ನನಗೆ ಹೇಳಿದರು. "ಒಂದರ ಉಳೀಲಿ ಅನಸ್ತೈತಿ."

ಅವರಿಗೆ ಬೇಕಾಗಿದ್ದು ಇಷ್ಟೇ. ಪತ್ರಿಕೆಯಲ್ಲಿ ಇದನ್ನು ಓದುವವರು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು.

ಪುರಸಭೆ ಇದಕ್ಕೆ ಮೂವರ ಕಮಿಟಿ ಮಾಡಿತು. ಒಬ್ಬರು ಅಧ್ಯಕ್ಷರು. ಇನ್ನೊಬ್ಬರು ಕಟ್ಟಿಗೆ ಡಿಪೋದ ಕಂತ್ರಾಟದಾರರು. ಮೂರನೆಯವರು ಸಾಂಬ್ರಾಣಿಯ ಕಡೆ ಗದ್ದೆಯಿದ್ದ ಸಾಹುಕಾರರು. ಮಾಸ್ತರು ಮೊದಲು ಚಿತ್ರವನ್ನು ದೊಡ್ಡ ಹಾಳೆಗಳ ಮೇಲೆ ಇದ್ದಲಿನಿಂದ ಬರೆದು ಕಮಿಟಿಗೆ ತೋರಿಸಬೇಕಿತ್ತು. ಹಾಳೆಯ ಇನ್ನೊಂದು ತುದಿ ಹಿಡಿಯಲು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಹಾಗಾಗಿ ಆ ಸಭೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನಗೆ ಯಾರೂ ಕುರ್ಚಿ ಕೊಡಲಿಲ್ಲ. ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಿರುತ್ತಿದ್ದೆ.

ಚಿತ್ರದಲ್ಲಿ ಸಂತೆಗೆ ಬರುವ ಜನ. ಎತ್ತಿನ ಗಾಡಿ, ಹಾಲಿನ ಗಡಿಗೆ ಹೊತ್ತ ಗೌಳಿಗರು, ಸೈಕಲ್ ತಳ್ಳುವ ಕಾರ್ಖಾನೆಯ ಆಳು. ನಟ್ಟನಡುವೆ ಕಟ್ಟಿಗೆಯ ಹೊರೆ ಹೊತ್ತ ಒಬ್ಬ ಹೆಣ್ಣುಮಗಳು, ತಲೆಯ ಮೇಲಿನ ಭಾರ ಒಂದು ಕೈಯಲ್ಲಿ ಹಿಡಿದು ನಗುತ್ತ ಬರುತ್ತಿದ್ದಳು.

ಸಾಹುಕಾರರು ಮೊದಲು ಎತ್ತುಗಳನ್ನು ನೋಡಿದರು. "ನಮ್ಮ ಎತ್ತು ಹಿಂಗ ಬಡಕ ಅದಾವೇನ್ರಿ ಮಾಸ್ತರ? ಪಕ್ಕಡಿ ಎಲುಬು ಎಣಸಬೌದಲ್ರೀ!"

ಮಾಸ್ತರು ಎತ್ತುಗಳನ್ನು ದಪ್ಪ ಮಾಡಿದರು.

ಮುಂದಿನ ಸಭೆಯಲ್ಲಿ ಕಂತ್ರಾಟದಾರರು ಹೆಣ್ಣುಮಗಳ ಹೊರೆಗೆ ಬೆರಳಿಟ್ಟರು. "ಈ ಕಟಗಿ ಎಲ್ಲಿಂದು? ಫಾರೆಸ್ಟ್ ಪಾಸ್ ಐತೇನು?"

"ಚಿತ್ರದಾಗಿನ ಕಟಗಿರೀ ಸಾಹೇಬ್ರ."

"ಚಿತ್ರದಾಗ ಇದ್ರೇನಾತು? ಫಾರೆಸ್ಟಿನವ್ರು ದಿನಾ ಇದ ರಸ್ತೇಲೆ ಅಡ್ಡಾಡ್ತಾರ. ನಾಳೆ ನನ್ನ ಡಿಪೋದ ಹೆಸರು ಬರ್ತೈತಿ. ಆಕಿ ಕೈಯಾಗ ಒಂದು ಪಾಸ್ ಕೊಡ್ರಿ."

ನಾನು ನಗು ತಡೆಯಲು ಹಾಳೆಯ ಹಿಂದೆ ಮುಖ ಮರೆಮಾಡಿಕೊಂಡೆ. ಮಾಸ್ತರು ನಗಲಿಲ್ಲ. ಅವಳ ಖಾಲಿ ಕೈಯಲ್ಲಿ ಮಡಿಚಿದ ಒಂದು ಚೀಟಿ ಬರೆದುಕೊಟ್ಟರು. ಸೈಕಲ್ಲಿನವನ ಬಾಯಿಂದ ಬೀಡಿ ತೆಗೆದರು. ಗೌಳಿಗರನ್ನು ಅಂಚಿಗೆ ಸರಿಸಿದರು. ಏನು ಹೇಳಿದರೂ "ಆಗ್ಲಿರಿ" ಎನ್ನುತ್ತಿದ್ದರು. ಹೊರಗೆ ಬಂದ ಮೇಲೆ ನಾನು ಅವರ ಮೇಲೆಯೇ ರೇಗಿದ್ದೆ. "ಸಣ್ಣ ಸಣ್ಣದು ಬಿಡ್ರಿ ಅಕ್ಕೋರ," ಎಂದಿದ್ದರು, "ನಡುವಿನಾಕಿ ಒಬ್ಬಾಕಿ ಉಳದ್ರ ಸಾಕು."

ಕೊನೆಗೆ ಅಧ್ಯಕ್ಷರು ಅವಳ ಹತ್ತಿರವೇ ಬಂದರು.

"ಈಕಿ ಯಾಕ ನಗತಾಳ?"

"ಹೊರಿ ಇಳಸೂ ಜಾಗಾ ಕಾಣ್ತಲ್ರೀ. ಅದಕ್ಕ ನಗತಾಳ."

"ಆಕಿ ಎದುರಿಗೆ ಇರೂದು ನಮ್ಮ ಆಫೀಸ, ಮಾಸ್ತರ. ಮುನಸಿಪಾಲ್ಟಿ ನೋಡಿ ನಗತಾಳ ಅಂತಾರ ಮಂದಿ."

ಅಂದು ಮಾತ್ರ ಮಾಸ್ತರು "ಆಗ್ಲಿರಿ" ಎನ್ನಲಿಲ್ಲ. ಎರಡೂ ಕೈ ಮುಗಿದು, "ಉಳದದ್ದು ನೀವು ಹೇಳಿದ್ಹಂಗ ಮಾಡೇನಿ. ನಗೂದೊಂದು ಇರ್ಲಿರಿ," ಎಂದರು. ಅಧ್ಯಕ್ಷರು ಇಲ್ಲವೆನ್ನಲಿಲ್ಲ. ಹೌದೂ ಎನ್ನಲಿಲ್ಲ. ಗೋಡೆಯ ಮೇಲೆ ನೋಡಿ ಹೇಳುತ್ತೇವೆ ಎಂದರು.

ಆಮೇಲೆ ಒಂದು ನಿಯಮ ಮಾಡಿದರು. ಹಿಂದೆ ಯಾವುದೋ ಗಟಾರದ ಕೆಲಸದಲ್ಲಿ ಒಬ್ಬ ಸದಸ್ಯರು ಕಾಗದದ ಮೇಲಿನ ಸಹಿ ತಮ್ಮದೇ ಅಲ್ಲವೆಂದು ತಕರಾರು ಮಾಡಿದ್ದರಂತೆ. ಆದ್ದರಿಂದ ಈ ಸಲ ಸಹಿ ಕಾಗದದ ಮೇಲೆ ಬೇಡ, ಗೋಡೆಯ ಮೇಲೆಯೇ ಇರಲಿ ಎಂದಾಯಿತು. ದಿನದಿನದ ಭಾಗವನ್ನು ಮಾಸ್ತರು ಇದ್ದಲಿನಿಂದ ಗೋಡೆಗೆ ಗುರುತು ಮಾಡಬೇಕು. ಮೂವರೂ ಬಂದು ನೋಡಬೇಕು. ಒಪ್ಪಿಗೆಯಾದರೆ ಗೋಡೆಯ ಕೆಳಪಟ್ಟಿಯ ಹಸಿ ಗಾರೆಯಲ್ಲಿ ಮೊಳೆಯಿಂದ ಸಹಿ ಕೊರೆಯಬೇಕು. ಮೂರು ಸಹಿ ಬೀಳುವವರೆಗೆ ಬಣ್ಣ ಮುಟ್ಟಕೂಡದು.

ಗಾರೆಯ ಕೆಲಸ ತಿಳಿದವರಿಗೆ ಇದರಲ್ಲಿನ ತಪ್ಪು ಓದಿದ ಕೂಡಲೇ ಕಾಣುತ್ತದೆ. ತಿಳಿಯದವರಿಗೆ ಹೇಳುತ್ತೇನೆ. ಸುಣ್ಣದ ಗಾರೆ ಹಸಿಯಿರುವಾಗ ಬಣ್ಣ ಹಚ್ಚಿದರೆ ಗಾರೆ ಬಣ್ಣವನ್ನು ಒಳಗೆ ಎಳೆದುಕೊಳ್ಳುತ್ತದೆ. ಒಣಗಿದ ಮೇಲೆ ಎರಡೂ ಒಂದೇ. ಮಳೆ ಬಂದರೂ ಬಿಸಿಲು ಬಂದರೂ ಹೋಗುವುದಿಲ್ಲ. ಗಾರೆ ಒಣಗಿದ ಮೇಲೆ ಹಚ್ಚಿದರೆ ಬಣ್ಣಕ್ಕೆ ಅಂಟು ಬೆರೆಸಬೇಕು. ಅದು ಗೋಡೆಯ ಮೇಲೆ ಕೂತಿರುತ್ತದೆ, ಒಳಗೆ ಇಳಿಯುವುದಿಲ್ಲ. ಒಂದು ಮಳೆಗಾಲ ಸಾಕು.

ಗೋಡೆಗೆ ಗಾರೆ ಹಚ್ಚಲು ಬಂದವನನ್ನು ಊರೆಲ್ಲ ಗೌಂಡಿ ಚಾಚಾ ಎನ್ನುತ್ತಿತ್ತು. ಮಾಸ್ತರ ವಯಸ್ಸಿನವನೇ. ಅವನು ಹೊತ್ತು ಹುಟ್ಟುವ ಮುಂಚೆ ಬಂದು ಅಂದಿನ ಭಾಗಕ್ಕೆ ಗಾರೆ ಹಚ್ಚುತ್ತಿದ್ದ. ಮಾಸ್ತರು ಗುರುತು ಹಾಕಿ ಕಾಯುತ್ತ ಕೂರುತ್ತಿದ್ದರು. ಅಧ್ಯಕ್ಷರು ಪೂಜೆ ಮುಗಿಸಿ ಬರುತ್ತಿದ್ದರು. ಕಂತ್ರಾಟದಾರರು ಡಿಪೋ ನೋಡಿ ಬರುತ್ತಿದ್ದರು. ಸಾಹುಕಾರರು ಗದ್ದೆಯಿಂದ ಊಟದ ಹೊತ್ತಿಗೆ ಬರುತ್ತಿದ್ದರು. ಬಿಸಿಲಿಗೆ ಗಾರೆ ಅಷ್ಟರಲ್ಲಿ ಒಣಗಿ ಬೆಳ್ಳಗಾಗಿರುತ್ತಿತ್ತು. ಬೆಳಗಾಗುವಾಗ ಬರ್ರಿ ಎಂದು ಮಾಸ್ತರು ಮೂವರ ಮನೆಗೂ ಹೋಗಿ ಬೇಡಿಕೊಂಡರು. ಬರ್ತೇವಂದರು. ಯಾರೂ ಬರಲಿಲ್ಲ.

ಒಣಗಿದ ಗೋಡೆಯಲ್ಲಿ ಮೊಳೆ ಇಳಿಯುವುದಿಲ್ಲವಲ್ಲ. ಅದಕ್ಕೆ ಅಧ್ಯಕ್ಷರು ದಾರಿ ಹುಡುಕಿದರು. ಗೌಂಡಿ ಚಾಚಾ ಕೆಳಪಟ್ಟಿಗೆ ಒಂದು ಗೇಣು ಹೊಸ ಗಾರೆ ಹಚ್ಚಿಕೊಡಬೇಕು. ಸಹಿ ಮಾಡಲು ತಾಜಾ ಗಾರೆ! ಚಿತ್ರಕ್ಕೆ ಒಣಗಿದ್ದು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಮೂವರೂ ಕುಕ್ಕರಗಾಲಿನಲ್ಲಿ ಕೂತು, ನಾಲಿಗೆ ತುಸು ಹೊರಗೆ ಹಾಕಿ, ಕನ್ನಡ ಒಂದನೆಯ ಇಯತ್ತೆಯ ಮಕ್ಕಳ ಹಾಗೆ ತಮ್ಮ ಹೆಸರು ಕೊರೆಯುತ್ತಿದ್ದರು. ಆಮೇಲೆ ಮಾಸ್ತರು ಜಾಲಿಯ ಅಂಟು ಕಲಸಿ, ಒಣಗಿದ ಗೋಡೆಯ ಮೇಲೆ ದಪ್ಪ ಎತ್ತುಗಳಿಗೆ ಬಣ್ಣ ಹಚ್ಚುತ್ತಿದ್ದರು. ಗಾಡಿ, ಗೌಳಿಗರು, ಸೈಕಲ್ಲಿನವನು, ಎಲ್ಲ ಹಾಗೆಯೇ ಆಯಿತು.

ಉಳಿದದ್ದು ನಡುವಿನ ಹೆಣ್ಣುಮಗಳು.

ಅಂದು ಬೆಳಿಗ್ಗೆ ನಾನು ಶಾಲೆಗೆ ಬೇಗ ಹೋಗಿದ್ದೆ. ಗೋಡೆಯ ಮುಂದೆ ನಳದ ನೀರಿಗೆ ಬಂದ ಹೆಣ್ಣುಮಕ್ಕಳು ಗುಂಪಾಗಿ ನಿಂತಿದ್ದರು. ಮಾಸ್ತರ ಕೈಗೆ ಮೊಣಕೈವರೆಗೂ ಕೆಮ್ಮಣ್ಣು. ಗಾರೆ ಹಸಿಯಿತ್ತು. ಅವರು ಸಹಿಗೆ ಕಾಯದೆ ಅವಳ ಮುಖ ಬರೆದು ಮುಗಿಸಿದ್ದರು. ಮುಖವಷ್ಟೇ. ಮೈ ಇನ್ನೂ ಇದ್ದಲಿನ ಗೆರೆ.

ಒಬ್ಬ ಮುದುಕಿ ಕೊಡ ಕೆಳಗಿಟ್ಟು, "ಅಯ್ಯ ನಮ್ಮವ್ವ, ಯಾರ ಮಗಳವ್ವಾ ಈಕಿ? ನಮ್ಮನ್ನ ನೋಡಿ ನಗಾಕ್ಹತ್ಯಾಳಲ್ಲ!" ಎಂದಳು. ಇನ್ನೊಬ್ಬಳು, "ನಿನ್ನ ಸೊಸಿ ನಗಾಂಗಿಲ್ಲಂತೀ, ಈಕಿನ್ನರ ಕರಕೊಂಡು ಹೋಗು," ಎಂದಳು. ಎಲ್ಲರೂ ಕೊಡ ಮರೆತು ನಕ್ಕರು. ಮಾಸ್ತರೂ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಮೊದಲು ಕಂಡಿರಲಿಲ್ಲ...

ಮಧ್ಯಾಹ್ನ ಮೂವರೂ ಬಂದರು. ಮುಖವನ್ನು ಯಾರೂ ನೋಡಲಿಲ್ಲ. ಕೆಳಪಟ್ಟಿ ನೋಡಿದರು. ಅಲ್ಲಿ ಸಹಿ ಇರಲಿಲ್ಲ.

"ಮಂಜೂರಿ ಇಲ್ಲದ ಹೆಂಗ ಬರದ್ರಿ?" ಎಂದರು ಅಧ್ಯಕ್ಷರು.

"ಗಾರಿ ಹಸೀ ಇತ್ರೀ. ಈಗ ನೋಡ್ರಿ, ನೂರು ವರ್ಷ ಇರ್ತೈತಿ."

"ಅದ ಹೇಳೂದು ನಾನು. ನೂರು ವರ್ಷ ಇರೂದು ಮಂಜೂರಿ ಇಲ್ಲದ ಇದ್ರ ಹೆಂಗ? ತಗೀರಿ ಅದನ್ನ."

ಸಾಹುಕಾರರಿಗೆ ಊಟಕ್ಕೆ ತಡವಾಗಿತ್ತು. ಕಂತ್ರಾಟದಾರರು, ಅದೇ ಮುಖ ನಾಳೆ ಬರೆಯಿರಿ, ಬಾಯಿ ಮುಚ್ಚಿಸಿ ಬರೆಯಿರಿ, ತಕ್ಷಣ ಸಹಿ ಮಾಡುತ್ತೇವೆ ಎಂದು ಬಹಳ ಪ್ರೀತಿಯಿಂದ ಹೇಳಿದರು.

ಗೌಂಡಿ ಚಾಚಾ ಉಳಿ ಸುತ್ತಿಗೆ ಕೆಳಗಿಟ್ಟುಬಿಟ್ಟ. "ಮಾಸ್ತರ ಸಾಬ, ಇದನ್ನ ನಾ ಒಡಿಯಾಂಗಿಲ್ಲ. ಬೇಕಾದ್ರ ಬ್ಯಾರೆ ಗೌಂಡಿ ನೋಡ್ಲಿ ಅವ್ರು."

ಮಾಸ್ತರು ಬಾಗಿ ಸುತ್ತಿಗೆ ಎತ್ತಿಕೊಂಡರು. "ಬ್ಯಾರೆಯವ್ರು ಯಾಕ ಚಾಚಾ? ಒರಸೂದು ನನಗ ರೂಢೈತಿ."

ಶಾಲೆಯಲ್ಲಿ ಪಾಠ ನಡೆದಿತ್ತು. ಉಳಿಯ ಸದ್ದಿಗೆ ನನ್ನ ತರಗತಿಯ ಮಕ್ಕಳು ಮಗ್ಗಿ ನಿಲ್ಲಿಸಿದರು. ನಾನೂ ಮುಂದುವರಿಸಲಿಲ್ಲ.

ಮರುದಿನ ಹೊಸ ಗಾರೆ, ಹೊಸ ಗುರುತು, ಮೂರು ಸಹಿ. ಒಣಗಿದ ಗೋಡೆಯ ಮೇಲೆ ಬಾಯಿ ಮುಚ್ಚಿದ, ಕೈಯಲ್ಲಿ ಪಾಸು ಹಿಡಿದ ಒಬ್ಬ ಹೆಂಗಸು ಮೂಡಿದಳು. ಅವಳನ್ನು ನಾನು ಅವಳು ಎಂದು ಒಪ್ಪಲಿಲ್ಲ. ಉದ್ಘಾಟನೆಯ ದಿನ ಪೆಂಡಾಲು ಹಾಕಿದರು. ಮೂವರೂ ಹಾರ ಹಾಕಿಕೊಂಡು ಚಿತ್ರದ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಚಿತ್ರ ಅವರ ಹಿಂದೆ ಮುಚ್ಚಿಹೋಯಿತು. ಮಾಸ್ತರನ್ನು ಯಾರೋ ಕೂಗಿದರು. ಅವರು ಅಲ್ಲಿರಲಿಲ್ಲ. ಶಾಲೆಯ ಖಾಲಿ ಕೋಣೆಯಲ್ಲಿ ಕೂತು ಕೋಟಿನ ಕಿಸೆಯಿಂದ ಸೀಮೆಸುಣ್ಣದ ಪುಡಿ ಕೊಡವುತ್ತಿದ್ದರು.

ಜೂನಿನಲ್ಲಿ ಮಳೆ ಹಿಡಿಯಿತು. ಮೊದಲು ಎತ್ತುಗಳು ಇಳಿದುಹೋದವು. ಕೆಮ್ಮಣ್ಣಿನ ನೀರು ಗೋಡೆಯುದ್ದಕ್ಕೂ ಹರಿದು ಗಟಾರ ಸೇರಿತು. ಮಾಸ್ತರು ಅಷ್ಟರಲ್ಲಿ ನೌಕರಿ ಮುಗಿಸಿ ಮಗಳ ಊರು ಕುಂಬಾರವಾಡಕ್ಕೆ ಹೋಗಿದ್ದರು. ಬಿಡಿಸಿ ಬರೆಯಬೇಕೆಂದು ಎಷ್ಟೋ ಸಲ ಕಾರ್ಡು ತೆಗೆದಿದ್ದೇನೆ. ಚಿತ್ರ ತೊಳೆದುಹೋಯಿತೆಂದು ಯಾವ ಬಾಯಿಂದ ಬರೆಯಲಿ? ಕ್ಷೇಮ ಎಂದಷ್ಟೇ ಬರೆಯುತ್ತಿದ್ದೆ. ಅವರೂ ಕ್ಷೇಮ ಎಂದೇ ಬರೆಯುತ್ತಿದ್ದರು. ಎರಡು ವರ್ಷದ ಹಿಂದೆ ತೀರಿಕೊಂಡರು. ಆ ಕಡೆಯಿಂದ ಬಸ್ಸು ಬರುವುದೇ ಅಪರೂಪ. ಸುದ್ದಿ ನನಗೆ ತಲುಪುವಾಗ ದಿನಕರ್ಮಗಳೂ ಮುಗಿದಿದ್ದವು.

ಈ ಬೇಸಿಗೆಯಲ್ಲಿ ದಾಂಡೇಲಿಗೆ ಹೋಗುವಾಗ ಆ ಊರಿನಲ್ಲಿ ಇಳಿದೆ. ಗೋಡೆ ಹಾಗೆಯೇ ಇದೆ. ಚಿತ್ರದ ಗುರುತೂ ಇಲ್ಲ. ಕೆಳಪಟ್ಟಿಯಲ್ಲಿ ಮಾತ್ರ ಸಾಲಾಗಿ ಮೂರು ಮೂರು ಸಹಿ, ನಿನ್ನೆ ಕೊರೆದಂತೆ. ಬೆರಳಾಡಿಸಿದೆ. ಕಲ್ಲಾಗಿವೆ. ಹೊಸದಾಗಿ ಬಂದ ಯಾರಾದರೂ ನೋಡಿದರೆ ಈ ಗೋಡೆಯ ಕಲಾವಿದರು ಈ ಮೂವರು ಎಂದೇ ತಿಳಿಯುತ್ತಾರೆ.

ಈಗ ಸುಣ್ಣ ಹಚ್ಚುವವನು ನನ್ನ ಬಾಗಿಲಿಗೆ ಬಂದು, "ಅಕ್ಕೋರ, ಮೇಜು ಸರಸ್ತೀರೇನು?" ಎಂದು ಕೇಳುತ್ತಿದ್ದಾನೆ. ತುಸು ತಡೆ ಎಂದಿದ್ದೇನೆ. ನಾನು ದಿನಚರಿಯಲ್ಲಿ ಪ್ರತಿ ದಿನದ ಲೆಕ್ಕ ಬರೆದಿಡುವವಳು. ಆ ಹೆಣ್ಣುಮಗಳ ಮುಖ ಬರೆದ ದಿನದ ಪುಟ ತೆಗೆದು ನೋಡಿದೆ. ತಾರೀಖು ಇದೆ, ಹೊತ್ತು ಇದೆ, ಯಾರು ಯಾರು ಬಂದರೆಂಬುದೂ ಇದೆ. ಅವಳ ಬಗ್ಗೆ "ಮುಖ ಆಯಿತು" ಎಂಬ ಎರಡು ಶಬ್ದ ಮಾತ್ರ. ಆ ಮೂವರ ಸಹಿಯ ಒಂದೊಂದು ಸುರುಳಿಯನ್ನೂ ನಾನು ಕಣ್ಣು ಮುಚ್ಚಿ ಬರೆಯಬಲ್ಲೆ. ಅವಳ ನಗು ನನ್ನ ಕಣ್ಣಿನಿಂದ ಅಳಿಯುತ್ತಿದೆ. ಹಲ್ಲು ಕಾಣುತ್ತಿದ್ದವೇ? ತಲೆ ಎತ್ತ ವಾಲಿತ್ತು? ಗಲ್ಲದ ಮೇಲೆ ಹಚ್ಚೆ ಇತ್ತೇ...

ಅಂದು ಬೆಳಿಗ್ಗೆ ಆ ನಳದ ಹತ್ತಿರ ನೀರಿಗೆ ನಿಂತವರು ಯಾರಾದರೂ ಇದನ್ನು ಓದಿದರೆ, ಅಥವಾ ಓದಿಸಿ ಕೇಳಿದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ನನಗೊಂದು ಕಾರ್ಡು ಹಾಕಿರಿ. ಅವಳು ಹೇಗೆ ನಕ್ಕಳೆಂದು ನಿಮಗೆ ನೆನಪಿದ್ದಷ್ಟು ಬರೆಯಿರಿ. ಯಾರ ಸಹಿಯೂ ಬೇಡ.