ತುಕ್ರಣ್ಣ ಕೂತು ನೋಡದ ಕುರ್ಚಿ

ನಮ್ಮತ್ತೆ ರಾಜಲಕ್ಷ್ಮಿಯವರಿಗೆ ಸೊಂಟದ ಕೀಲು ಬದಲಾಯಿಸಿದ ಮೇಲೆ ಮನೆಯ ಸೋಫಾಗಳೆಲ್ಲ ಅವರಿಗೆ ವೈರಿಗಳಾದವು. ಕೂತರೆ ಹೂತುಹೋಗುತ್ತಿದ್ದರು. ಏಳಬೇಕೆಂದರೆ ನಾನೂ ನನ್ನ ಗಂಡ ರಘುನಾಥನೂ ಎರಡು ಕಡೆಯಿಂದ ಕೈಕೊಟ್ಟು ಎತ್ತಬೇಕಿತ್ತು. ಎಪ್ಪತ್ತಾರು ವರ್ಷ ಯಾರ ಮಾತಿಗೂ ಬಗ್ಗದ ಹೆಂಗಸಿಗೆ ಸೊಸೆಯ ತೋಳು ಹಿಡಿದು ಏಳುವುದೆಂದರೆ ಎಷ್ಟು ಸಂಕಟ ಎನ್ನುವುದು ನನಗೆ ಗೊತ್ತು, ಯಾಕೆಂದರೆ ಆ ಸಂಕಟವನ್ನೆಲ್ಲ ಅವರು ನನ್ನ ಸಾರಿನ ಮೇಲೆ ತೀರಿಸಿಕೊಳ್ಳುತ್ತಿದ್ದರು. ಅವರಿಗೆ ಬೇಕಿದ್ದದ್ದು ಒಂದೇ: ಮುಂಬಾಗಿಲ ಪಕ್ಕದ ಕಿಟಕಿಯ ಹತ್ತಿರ ತಾವಾಗಿಯೇ ಕೂರಬೇಕು, ತಾವಾಗಿಯೇ ಏಳಬೇಕು.

ಎತ್ತರದ ಗಟ್ಟಿ ಕುರ್ಚಿ ಹುಡುಕಿಕೊಂಡು ರಘುನಾಥ ಥಾರ್ನ್‌ಹಿಲ್‌ನಲ್ಲಿ ಯಾರೋ ಮನೆ ಖಾಲಿ ಮಾಡಿ ಸಾಮಾನು ಮಾರುತ್ತಿದ್ದಲ್ಲಿಗೆ ಹೋದ. ನೂರು ವರ್ಷ ದಾಟಿದ ಒಂದು ಕುರ್ಚಿಯನ್ನು ವ್ಯಾನಿನಲ್ಲಿ ಹೇರಿಕೊಂಡು ಇಲ್ಲಿ ಕೆನಡಾದ ರಿಚ್ಮಂಡ್ ಹಿಲ್‌ನ ನಮ್ಮ ಮನೆಗೆ ತಂದ. ಎತ್ತರದ ಬೆನ್ನು, ತಲೆಯ ಎರಡೂ ಪಕ್ಕಕ್ಕೆ ಚಾಚಿದ ರೆಕ್ಕೆ, ಕೈಯಿಡುವಲ್ಲಿ ಕಪ್ಪಗೆ ಹೊಳೆಯುವ ಮರ. ಆದರೆ ಬಟ್ಟೆ ಹರಿದಿತ್ತು, ಸ್ಪ್ರಿಂಗುಗಳು ಅಡಿಯಿಂದ ಜೋತುಬಿದ್ದಿದ್ದವು. ಅತ್ತೆ ವಾಕರ್ ಹಿಡಿದು ಅದರ ಸುತ್ತ ಒಂದು ಸುತ್ತು ಬಂದು, ಇದು ಇರಲಿ ಎಂದರು. ನಮ್ಮ ಮದುವೆಯ ಮಾತುಕತೆಯಲ್ಲೂ ಅವರು ಇಷ್ಟು ಬೇಗ ಒಪ್ಪಿರಲಿಲ್ಲ.

ಹಳೆಯದನ್ನು ಕಿತ್ತೆಸೆದು ಫೋಮ್ ತುಂಬಿಕೊಡುವವರು ಇಲ್ಲಿ ಬೇಕಾದಷ್ಟಿದ್ದಾರೆ. ಆದರೆ ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಉಡುಪಿಯ ದೀಕ್ಷಿತಾ ಫೋಟೋ ನೋಡಿದವಳೇ, ಫೋಮ್ ಗೀಮ್ ಬೇಡ, ರೆಕ್ಸ್‌ಡೇಲ್‌ನಲ್ಲಿ ನಮ್ಮ ಕಡೆಯ ತುಕ್ರಣ್ಣ ಇದ್ದಾರೆ, ಕೈಯಲ್ಲೇ ಎಲ್ಲ ಮಾಡುತ್ತಾರೆ ಎಂದು ನಂಬರ್ ಕೊಟ್ಟಳು.

ಕಾರು ರಿಪೇರಿ ಅಂಗಡಿಗಳ ಹಿಂದೆ, ಒಂದು ಉದ್ದನೆಯ ಶೆಡ್ಡಿನ ಕೊನೆಯ ಪಾಲು ಅವರದ್ದು. ನಾವು ಹೋದಾಗ ತುಕ್ರಣ್ಣ ಮಾತಾಡಲಿಲ್ಲ. ಸಣ್ಣ ಮೈಕಟ್ಟು, ಐವತ್ತೆಂಟರ ಪ್ರಾಯ, ಕೆನ್ನೆ ಮಾತ್ರ ಉಬ್ಬಿತ್ತು. ಅಡಿಕೆಯೇನೋ ಅಂದುಕೊಂಡೆ. ಆಮೇಲೆ ನೋಡಿದರೆ ಬಾಯಿ ತುಂಬ ಸಣ್ಣ ಮೊಳೆಗಳು. ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಯ ಮೂತಿಗೆ ಅಂಟಿಸಿ, ಒಂದೇ ಏಟಿಗೆ ಬಟ್ಟೆ ಬಿಗಿಯುತ್ತಿದ್ದರು. ಬಾಯಿ ಖಾಲಿಯಾದ ಮೇಲೆ ನಮ್ಮ ಕಡೆ ತಿರುಗಿ ನಕ್ಕು, ಕುರ್ಚಿಯನ್ನು ಬೋರಲು ಹಾಕಿ ಅದರ ಹೊಟ್ಟೆಯೊಳಗೆ ಕೈ ತೂರಿಸಿದರು. ಒಂದು ಹಿಡಿ ಗುಂಗುರು ಕೂದಲು ಹೊರಗೆ ಬಂತು. ಕುದುರೆಯ ಬಾಲದ್ದು, ತೊಳೆದರೆ ಇನ್ನೂ ನೂರು ವರ್ಷ ಬರುತ್ತದೆ ಎಂದರು. ರಘುನಾಥ ಕೂಡಲೇ ನನ್ನ ಕಿವಿಯಲ್ಲಿ, ಅಮ್ಮನಿಗೆ ಹೇಳಬೇಡ ಎಂದ.

ಅವರ ಕಥೆ ನನಗೆ ಸಿಕ್ಕಿದ್ದು ತುಣುಕು ತುಣುಕಾಗಿ, ಅರ್ಧ ಅವರಿಂದ, ಅರ್ಧ ಅವರ ಹೆಂಡತಿ ಮೋಹಿನಿಯವರಿಂದ. ಕಾರ್ಕಳದ ಕಡೆಯ ಹಳ್ಳಿಯವರು. ಹದಿನೇಳಕ್ಕೆ ಮುಂಬಯಿಗೆ ಹೋಗಿ ಬಸ್ಸಿನ ಸೀಟು ಹೊಲಿದರು, ಆಮೇಲೆ ಬಹರೈನಿನಲ್ಲಿ ಎಂಟು ವರ್ಷ ಸೋಫಾ. ಮೋಹಿನಿ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಕೆನಡಾಕ್ಕೆ ಬಂದು, ಕಾಗದಪತ್ರ ಆದ ಮೇಲೆ ಗಂಡನನ್ನು ಕರೆಸಿಕೊಂಡರು. ರೆಕ್ಸ್‌ಡೇಲ್‌ನ ಒಂದು ಫ್ಯಾಕ್ಟರಿಯಲ್ಲಿ ಸ್ಟೇಪಲ್ ಗನ್ ಹಿಡಿದು ದಿನಕ್ಕೆ ನಲವತ್ತು ಸೋಫಾಗಳಿಗೆ ಬಟ್ಟೆ ಹೊಡೆಯುತ್ತಿದ್ದರಂತೆ. ಫ್ಯಾಕ್ಟರಿ ಮುಚ್ಚಿದಾಗ ಅವರ ವಯಸ್ಸು ನಲವತ್ತು ದಾಟಿತ್ತು. ಆಗ ಹೋಗಿ ಸೇರಿದ್ದು ದುವಾರ್ತೆ ಎಂಬ ಪೋರ್ಚುಗೀಸ್ ಮುದುಕನ ಬಳಿ. ಇಪ್ಪತ್ತು ವರ್ಷ ಸೋಫಾ ಮಾಡಿದ ಮನುಷ್ಯನಿಗೆ ಆ ಮುದುಕ ಮೂರು ತಿಂಗಳು ಬರೀ ಹಳೆಯ ಮೊಳೆ ಕೀಳಿಸಿದ. ತುಕ್ರಣ್ಣ ಕಿತ್ತರು. ಆಮೇಲೆ ಸೆಣಬಿನ ಪಟ್ಟಿ ಹೆಣೆಯುವುದು, ಸ್ಪ್ರಿಂಗುಗಳನ್ನು ಎಂಟು ದಿಕ್ಕಿಗೂ ಹುರಿಯಿಂದ ಕಟ್ಟುವುದು, ಎರಡೂ ತುದಿಗೆ ಮೊನೆಯಿರುವ ಸೂಜಿಯಿಂದ ಅಂಚು ಹೊಲಿಯುವುದು, ಎಲ್ಲವನ್ನೂ ಕಲಿತರು.

ದುವಾರ್ತೆಯದ್ದು ಒಂದು ಕಟ್ಟುನಿಟ್ಟಿನ ನಿಯಮ. ಮೇಲಿನ ಬಟ್ಟೆ ಹೊದಿಸುವ ಮೊದಲು, ಕುರ್ಚಿ ಇನ್ನೂ ಒಳಗಿನ ಬಿಳಿ ಬಟ್ಟೆಯಲ್ಲಿರುವಾಗ, ಕಟ್ಟಿದವನೇ ಅದರಲ್ಲಿ ಒಂದು ಕಾಫಿ ಕುಡಿಯುವಷ್ಟು ಹೊತ್ತು ಕೂರಬೇಕು. ಈ ಕಸುಬಿನ ಕೊನೆಯ ಹತಾರ ನಿನ್ನ ಕುಂಡೆ ಎನ್ನುತ್ತಿದ್ದನಂತೆ. ತುಕ್ರಣ್ಣ ಅದೊಂದನ್ನು ಮಾತ್ರ ಮಾಡಲಿಲ್ಲ. ಕಾಲುನೋವು, ಪ್ಯಾಂಟು ಕೊಳಕು, ಏನಾದರೊಂದು ನೆಪ. ಮುದುಕನಿಗೂ ಕೂರುವುದೆಂದರೆ ಇಷ್ಟ, ತಾನೇ ಕಾಫಿ ಹಿಡಿದು ಕೂತುಬಿಡುತ್ತಿದ್ದ. ಮೂರು ವರ್ಷದ ಹಿಂದೆ ಅವನು ತೀರಿಕೊಂಡ. ಅಂದಿನಿಂದ ಅವನ ಜಾಗಕ್ಕೆ ತುಕ್ರಣ್ಣ ಎರಡು ಚೀಲ ಕುಚ್ಚಲಕ್ಕಿ ತಂದಿಟ್ಟರು. ಸೀಟಿನ ಮೇಲೆ ಚೀಲಗಳನ್ನು ಹೇರಿ, ಸುತ್ತಲೂ ಮಂಡಿಯೂರಿ, ಕೈಯಿಂದ ಒತ್ತಿ ನೋಡುತ್ತಿದ್ದರು. ಮನೆಯಲ್ಲಿ ಅಕ್ಕಿ ಮುಗಿದರೂ ಇವರು ಆ ಚೀಲ ಕೊಡುವುದಿಲ್ಲ, ನಾನು ಬೇರೆ ತರಬೇಕು ಎಂದು ಮೋಹಿನಿ ನಗುತ್ತಾ ದೂರಿದರು. ಕುದುರೆ ಕೂದಲನ್ನು ಮನೆಯ ಟಬ್ಬಿನಲ್ಲಿ ತೊಳೆಯುವುದರ ಬಗ್ಗೆಯೂ ಅವರಿಗೆ ಬೇರೆಯೇ ದೂರಿತ್ತು.

ಆರು ವಾರದ ಮೇಲೆ ಕುರ್ಚಿ ಬಂತು. ಹಸಿರು ಬಟ್ಟೆ, ಅಂಚಿಗೆ ಸಾಲಾಗಿ ಹಿತ್ತಾಳೆಯ ಮೊಳೆ. ಅತ್ತೆ ಮರದ ಕೈಗಳನ್ನು ಹಿಡಿದು ತಾವಾಗಿಯೇ ಕೂತರು, ತಾವಾಗಿಯೇ ಎದ್ದರು, ಮತ್ತೆ ಕೂತರು. ನನ್ನ ಸಾರಿನ ಕಷ್ಟ ತೀರಿತು ಅಂದುಕೊಂಡೆ. ಹತ್ತು ನಿಮಿಷಕ್ಕೆ ಎಡಗಾಲಿಗೆ ಜೋಮು ಹಿಡಿಯುತ್ತಿದೆ ಎಂದರು. ಮರುದಿನವೂ ಹಾಗೇ ಆಯಿತು, ಎದ್ದವರು ಮುಗ್ಗರಿಸಿ ಕಿಟಕಿಯ ಪರದೆ ಹಿಡಿದುಕೊಂಡರು. ಹೊಸ ಕೀಲು, ಬಿದ್ದರೆ ಗತಿಯೇನು?

ತುಕ್ರಣ್ಣ ಬಂದು ಕುರ್ಚಿ ಒಯ್ದರು, ಎಂಟು ದಿನ ಇಟ್ಟುಕೊಂಡು ತಂದರು. ಜೋಮು ಹೋಗಲಿಲ್ಲ. ಮತ್ತೆ ಒಯ್ದರು, ಮತ್ತೆ ತಂದರು. ಅಕ್ಕಿ ಚೀಲದಡಿ ಎಲ್ಲ ಸರಿಯಾಗಿಯೇ ಇತ್ತಂತೆ, ಕೈಯಿಂದ ಒತ್ತಿದರೂ ತಪ್ಪು ಸಿಗುತ್ತಿರಲಿಲ್ಲವಂತೆ. ರಘುನಾಥ ಬಟನ್ ಒತ್ತಿದರೆ ಎತ್ತಿ ನಿಲ್ಲಿಸುವ ಕರೆಂಟಿನ ಕುರ್ಚಿಯ ಮಾತೆತ್ತಿದ. ಇನ್ನು ನನ್ನನ್ನು ಮೆಷಿನ್ನು ಎತ್ತಬೇಕಾ ಎಂದು ಕೇಳಿ ಅತ್ತೆ ಅವತ್ತು ಊಟ ಬಿಟ್ಟರು. ಮೋಹಿನಿ ಫೋನಿನಲ್ಲಿ, ಇವರಿಗೂ ಅನ್ನ ಸೇರುತ್ತಿಲ್ಲ, ಈ ಒಂದು ಕುರ್ಚಿ ಆಗದಿದ್ದರೆ ಶೆಡ್ಡಿಗೆ ಬೀಗ ಹಾಕುತ್ತೇನೆ ಅನ್ನುತ್ತಿದ್ದಾರೆ ಎಂದರು. ಒಂದು ಕುರ್ಚಿಗೆ ಇಬ್ಬರ ಉಪವಾಸ.

ಮೂರನೆಯ ಸಲ ನಾನೇ ಹೇಳಿದೆ, ಒಯ್ಯಬೇಡಿ, ಇಲ್ಲೇ ಬಂದು ನೋಡಿ ಎಂದು. ಶನಿವಾರ ಬೆಳಿಗ್ಗೆ ಹತಾರದ ಚೀಲ ಹೆಗಲಿಗೇರಿಸಿಕೊಂಡು ಬಂದರು. ಯಾವಾಗ ಬಂದರೂ ಅವರು ನಮ್ಮ ಮಹಡಿ ಮೆಟ್ಟಿಲ ಕೊನೆಯ ಹಂತದಲ್ಲಿ ಕೂತೇ ಕಾಫಿ ಕುಡಿಯುತ್ತಿದ್ದರು. ಬೂಟು ಹಾಕಿಕೊಳ್ಳಲು ಅದೇ ಸುಲಭ ಎನ್ನುತ್ತಿದ್ದರು, ನಾನೂ ನಂಬಿದ್ದೆ. ಅವತ್ತು ಕಾಫಿಯನ್ನೂ ಮುಟ್ಟಲಿಲ್ಲ. ಅತ್ತೆಯನ್ನು ಕೂರಿಸಿ, ಪಕ್ಕದಲ್ಲಿ ಮಂಡಿಯೂರಿ, ಎಲ್ಲಿ ಒತ್ತುತ್ತದೆ ಅಮ್ಮ, ಇಲ್ಲಿಯಾ, ಇಲ್ಲಿಯಾ ಎಂದು ಬಟ್ಟೆಯ ಮೇಲೆ ಬೆರಳಿಟ್ಟು ಕೇಳಿದರು. ಅತ್ತೆಗೆ ಹೇಳಲು ಬರಲಿಲ್ಲ. ಜೋಮು ಹಿಡಿದ ಕಾಲಿಗೆ ಎಲ್ಲಿಂದ ಹಿಡಿಯಿತು ಎನ್ನುವುದು ಹೇಗೆ ಗೊತ್ತಾಗಬೇಕು?

ಅತ್ತೆ ಎದ್ದು ವಾಕರ್ ಹಿಡಿದು ನಿಂತು, ನೀವೇ ಒಂದು ಸಲ ಕೂತು ನೋಡಿ ಎಂದರು.

ತುಕ್ರಣ್ಣ ಬೇಡ ಎಂದರು. ಪ್ಯಾಂಟು ಕೊಳಕು ಎಂದರು. ಟವೆಲು ಹಾಸುತ್ತೇನೆ ಎಂದೆ. ಬೇಡ ಎಂದರು. ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಎರಡು ತಿಂಗಳಿಂದ ಈ ಕುರ್ಚಿಯ ಸುತ್ತ ತಿರುಗುತ್ತಿದ್ದೇವೆ, ಕಟ್ಟಿದವರೇ ಕೂತು ನೋಡದಿದ್ದರೆ ತಪ್ಪು ಸಿಗುವುದು ಹೇಗೆ, ಇದೆಂಥ ಬಿಂಕ ನಿಮ್ಮದು ಎಂದುಬಿಟ್ಟೆ. ಅವರು ನನ್ನತ್ತ ನೋಡಲಿಲ್ಲ. ಮಂಡಿಯೂರಿದ್ದಲ್ಲೇ, ಅತ್ತೆಯ ಪಾದದ ಹತ್ತಿರದ ಕಾರ್ಪೆಟ್ಟು ನೋಡುತ್ತಾ ಮಾತಾಡಿದರು.

"ಬಿಂಕ ಅಲ್ಲ ಅಕ್ಕ. ನನಗೆ ಏಳು ವರ್ಷ ಇರುವಾಗ ಅಮ್ಮ ಊರಿನ ಧನಿಗಳ ಗುತ್ತಿನ ಮನೆಯ ಅಂಗಳ ಗುಡಿಸ್ಲಿಕ್ಕೆ ಹೋಗ್ತಿದ್ರು. ಚಾವಡಿಯಲ್ಲಿ ಒಂದು ಬೆತ್ತದ ಕುರ್ಚಿ ಇತ್ತು. ಯಾರೂ ಇರ್ಲಿಲ್ಲ, ನಾನು ಹತ್ತಿ ಕೂತೆ. ಆಮೇಲೆ ನೋಡಿದ ಮನೆಯವರು ಹೊಡಿಲಿಲ್ಲ, ಬೈಲಿಲ್ಲ. ಕುರ್ಚಿಯನ್ನು ಅಂಗಳಕ್ಕೆ ತಂದು ಮೂರು ಸಲ ತೊಳೆದ್ರು. ಆಮೇಲೆ ಬಿಸಿಲಿಗೆ ಇಟ್ರು. ಸಂಜೆವರೆಗೆ ಅದು ಅಲ್ಲೇ ಇತ್ತು. ಅಮ್ಮ ಅದರ ಸುತ್ತ ಗುಡಿಸಿದ್ರು." ಮತ್ತೆ ಹೇಳಿದರು: "ಕಾರಲ್ಲಿ ಕೂತ್ಕೊಳ್ತೇನೆ, ನನ್ನ ಮನೆಯ ಸೋಫಾದಲ್ಲಿ ಕೂತ್ಕೊಳ್ತೇನೆ. ಬೇರೆಯವರ ಕುರ್ಚಿ ಅಂದ್ರೆ ಮೈ ಬಗ್ಗುದಿಲ್ಲ. ಎಂತ ಮಾಡುದು."

ನನ್ನ ಸಿಟ್ಟೆಲ್ಲ ಇಳಿದು ನಾಚಿಕೆಯಾಯಿತು. ಅಡುಗೆಮನೆಯ ಬಾಗಿಲಲ್ಲಿದ್ದ ರಘುನಾಥ ಗಂಟಲು ಸರಿಮಾಡಿಕೊಂಡ, ಅದೆಲ್ಲ ಹಳೇ ಕಾಲ, ಈಗ ಯಾರು ಅಂಥದ್ದೆಲ್ಲ ನೋಡುತ್ತಾರೆ ಎಂದೇನೋ ಶುರು ಮಾಡಿದ. ಅತ್ತೆ ಕೈಯೆತ್ತಿ ಅವನನ್ನು ನಿಲ್ಲಿಸಿದರು.

"ನಮ್ಮ ಮೈಸೂರಿನ ಮನೇಲೂ ಹಾಗೇನೇ," ಎಂದರು. "ಹಿತ್ತಲು ಗುಡಿಸೋಳ ಮಗು ಒಂದಿನ ಜಗುಲಿ ಬೆಂಚಿನ ಮೇಲೆ ಕೂತಿತ್ತು. ಎಬ್ಬಿಸಿ, ನೀರು ಹಾಕಿ ತೊಳ್ದೆ. ಬೇರೆ ಯಾರೂ ಅಲ್ಲ, ನಾನೇ. ಅದು ನೋಡ್ತಾ ನಿಂತಿತ್ತು."

ತುಕ್ರಣ್ಣ ಆಗ ತಲೆಯೆತ್ತಿದರು. "ಅದರ ಹೆಸರು ಎಂತ ಅಮ್ಮ?"

"ಕೇಳ್ಲಿಲ್ಲ," ಎಂದರು ಅತ್ತೆ.

ಹೊರಗೆ ರಸ್ತೆಯಲ್ಲಿ ಯಾರೋ ಕಸದ ಡಬ್ಬಿ ಎಳೆದುಕೊಂಡು ಹೋದರು. ಅತ್ತೆ ಅಳುವವರಲ್ಲ, ಅಂದೂ ಅಳಲಿಲ್ಲ. ಆದರೆ ಹನ್ನೆರಡು ವರ್ಷದಲ್ಲಿ ನಾನು ಅವರ ಬಾಯಲ್ಲಿ ಕೇಳಿರದ ಮಾತು ಕೇಳಿದೆ.

"ಬೇಡ್ಕೋತೀನಿ, ಕೂತ್ಕೊಳ್ಳಿ."

ತುಕ್ರಣ್ಣ ಎದ್ದು ನಿಂತರು. ಕೈಗಳನ್ನು ಅಂಗಿಗೆ ಒರೆಸಿಕೊಂಡರು. ಬಹಳ ಹೊತ್ತು ಹಸಿರು ಬಟ್ಟೆ ನೋಡಿದರು. ಅವರು ಚೀಲ ಹೆಗಲಿಗೆ ಹಾಕಿಕೊಂಡು ಹೊರಟೇಬಿಡುತ್ತಾರೆ ಎಂದು ನನಗೆ ಭಯವಾಯಿತು, ಹೋಗಿದ್ದರೆ ತಡೆಯುವ ಮುಖ ನಮಗಿರಲಿಲ್ಲ. ಅವರು ತಿರುಗಿ, ಮರದ ಕೈಗಳನ್ನು ಹಿಡಿದು, ಅತ್ತೆಯಷ್ಟೇ ನಿಧಾನವಾಗಿ ಕುರ್ಚಿಗಿಳಿದರು. ಮೊದಲು ತುದಿಯಲ್ಲಿ ಕೂತರು. ಆಮೇಲೆ ಹಿಂದಕ್ಕೆ ಸರಿದು ಬೆನ್ನು ಒರಗಿಸಿದರು. ಕಣ್ಣು ಮುಚ್ಚಿದರು.

ಐದು ನಿಮಿಷವಾಗಿರಬೇಕು, ಅವರ ಎಡಗೈ ತಾನಾಗಿಯೇ ತೊಡೆಯ ಕೆಳಗೆ ಹೋಯಿತು. ಸಿಕ್ಕಿತು ಎಂದರು. ಮುಂದಿನ ಸಾಲಿನ ಎಡ ಮೂಲೆಯ ಸ್ಪ್ರಿಂಗಿಗೆ ಹುರಿಯನ್ನು ತೀರಾ ಬಿಗಿದುಬಿಟ್ಟಿದ್ದರು, ಅದು ಅಲುಗದೆ ಕಲ್ಲಾಗಿತ್ತು. ಅಕ್ಕಿ ಚೀಲ ಸೀಟಿನ ನಡುವೆ ಕೂರುತ್ತದೆ, ಅಂಚಿಗೆ ಭಾರ ಬಿಡುವುದಿಲ್ಲ. ಅಂಚು ಹೇಗೂ ಗಟ್ಟಿಯಿರಬೇಕಾದ್ದೇ. ಎಷ್ಟು ಗಟ್ಟಿಯಾದರೆ ಹೆಚ್ಚಾಯಿತು ಎನ್ನುವುದು ಕೈಗೆ ತಿಳಿಯುವುದಿಲ್ಲ, ತೊಡೆಗೇ ತಿಳಿಯಬೇಕು. ಇಷ್ಟನ್ನೂ ಅವರು ಕೂತೇ ಹೇಳಿದರು, ಏಳುವ ಅವಸರ ಮಾಡಲಿಲ್ಲ.

ಆಮೇಲೆ ಕೆಲಸಕ್ಕಿಳಿದರು. ಕುರ್ಚಿ ಬೋರಲು ಹಾಕಿ, ಅಡಿಯ ಬಟ್ಟೆ ಬಿಚ್ಚಿ, ಎರಡು ಪಟ್ಟಿ ಸಡಿಲಿಸಿ, ಒಳಗೆ ಕೈ ಹಾಕಿ ಆ ಒಂದು ಹುರಿ ಕೊಯ್ದು ಹೊಸದಾಗಿ ಕಟ್ಟಿದರು. ಬಾಯಲ್ಲಿ ಮೊಳೆ ತುಂಬಿಕೊಂಡು ಎಲ್ಲವನ್ನೂ ಮತ್ತೆ ಬಿಗಿದರು. ಒಂದು ಗಂಟೆ ಹಿಡಿಯಿತು. ನಾನು ಅಡುಗೆಮನೆಯಲ್ಲಿದ್ದೆ, ಸುಮ್ಮನೆ ಕಟ್ಟೆ ಒರೆಸುತ್ತಿದ್ದೆ.

ಮುಗಿಯಿತು ಎಂದು ಕೇಳಿ ಹೊರಗೆ ಬಂದಾಗ ಅವರು ಇನ್ನೊಂದು ಸಲ ಕೂತು ನೋಡುತ್ತಿದ್ದರು. ನನ್ನನ್ನು ಕಂಡು ಎದ್ದು ಪಕ್ಕಕ್ಕೆ ಸರಿದರು. ಅವರ ಕಣ್ಣು ನನ್ನ ಮುಖದಿಂದ ನನ್ನ ಕೈಗೆ ಹೋಗಿ ಅಲ್ಲೇ ನಿಂತಿತು. ಕೈಯಲ್ಲಿ ಕಟ್ಟೆ ಒರೆಸುವ ಒದ್ದೆ ಬಟ್ಟೆಯಿತ್ತು. ನನಗೆ ಅರ್ಥವಾಗುವಷ್ಟರಲ್ಲಿ ತಡವಾಗಿತ್ತು. ಅಯ್ಯೋ, ಇದು ಅದಕ್ಕಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಬಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿದೆ, ಅದು ಇನ್ನೂ ಕೆಟ್ಟದಾಗಿ ಕಂಡಿತು.

ಅಷ್ಟರಲ್ಲಿ ಅತ್ತೆ ವಾಕರ್ ಪಕ್ಕಕ್ಕೆ ದೂಡಿ, ತುಕ್ರಣ್ಣ ಎದ್ದ ಜಾಗದಲ್ಲೇ ಕೂತುಬಿಟ್ಟರು. ಪೂರ್ತಿ ಹಿಂದಕ್ಕೆ ಸರಿದು, ಎರಡೂ ಅಂಗೈಗಳನ್ನು ಸೀಟಿಗೆ ಊರಿ, "ಇನ್ನೂ ಬೆಚ್ಚಗಿದೆ," ಎಂದರು. ಅರ್ಧ ಗಂಟೆ ಕೂತರು. ಕಾಲಿಗೆ ಜೋಮು ಹಿಡಿಯಲಿಲ್ಲ.

ತುಕ್ರಣ್ಣ ನಮಗೆ ಬೆನ್ನು ಮಾಡಿ ಹತಾರಗಳನ್ನು ಚೀಲಕ್ಕೆ ಹಾಕುತ್ತಿದ್ದರು. ಒಂದು ಸುತ್ತಿಗೆ, ಒಂದು ಉಳಿ, ಎರಡು ಸೂಜಿ, ಒಂದು ಉಂಡೆ ಹುರಿ. ಅಷ್ಟನ್ನು ಹಾಕಲು ಅವರಿಗೆ ಆ ಅರ್ಧ ಗಂಟೆಯೂ ಹಿಡಿಯಿತು. ನಾವು ಯಾರೂ ಅವಸರ ಮಾಡಲಿಲ್ಲ.