ಸಡಿಲ ಕಂಡರಾಗದವನ ಟ್ಯಾಂಕು

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕನ್ನಡಕ ರಿಪೇರಿ ಮಾಡುವವನೊಬ್ಬನಿದ್ದ. ಎಲ್ಲರಿಗೂ ಅವನು ಕನ್ನಡಕದವನು. ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಅವರ ಮೂಗು, ಕಿವಿ ನೋಡುತ್ತಿದ್ದ. ಯಾರದಾದರೂ ಕನ್ನಡಕ ಜಾರುತ್ತಿದ್ದರೆ ನಡುದಾರಿಯಲ್ಲೇ ನಿಲ್ಲಿಸಿ, ಜೇಬಿನಿಂದ ಕಿರುಬೆರಳಷ್ಟು ಸ್ಕ್ರೂಡ್ರೈವರ್ ತೆಗೆದು ಬಿಗಿ ಮಾಡಿ ಕಳಿಸುತ್ತಿದ್ದ. ಮನೆಯಲ್ಲೂ ಅದೇ ಚಾಳಿ. ಬಾಣಲೆಯ ಹಿಡಿ, ಕಿಟಕಿಯ ಕೊಂಡಿ, ಕುರ್ಚಿಯ ಕಾಲು, ಯಾವುದೂ ಅವನ ಕೈಯಿಂದ ತಪ್ಪಿಸಿಕೊಂಡಿರಲಿಲ್ಲ. ಸದ್ಯ, ನನ್ನ ನಾಲಿಗೆಗೊಂದು ಸ್ಕ್ರೂ ಇಲ್ಲ ಎಂದು ಹೆಂಡತಿ ನಗುತ್ತಿದ್ದಳು.

ಮಾತು ಮಾತ್ರ ಅವನಿಗೆ ಒದಗಿ ಬರುತ್ತಿರಲಿಲ್ಲ. ಆ ಕೆಲಸವನ್ನೆಲ್ಲ ಅವನ ಅಕ್ಕ ವಹಿಸಿಕೊಂಡಿದ್ದಳು. ಅಕ್ಕ, ಭಾವ ಅದೇ ಮನೆಯ ಮಹಡಿಯಲ್ಲಿದ್ದರು. ಭಾವ ವಯಸ್ಸಿನಲ್ಲಿ ಸೈನ್ಯದ ಟ್ಯಾಂಕು ಓಡಿಸಿದವರು, ಬಿಟ್ಟು ಬಂದ ಮೇಲೆ ಹಾಲಿನ ವ್ಯಾನು ಓಡಿಸಿದವರು. ಎರಡರ ಬಗ್ಗೆಯೂ ಬಾಯಿ ಬಿಟ್ಟವರಲ್ಲ. ಅಕ್ಕ ಇರುವವರೆಗೆ ಇವನ ಮಾತನ್ನು ಅವರಿಗೆ, ಅವರ ಮಾತನ್ನು ಇವನಿಗೆ ದಾಟಿಸುತ್ತಿದ್ದಳು. ಅವಳು ತೀರಿಕೊಂಡ ಮೇಲೆ ದೋಣಿಯಿಲ್ಲದ ಹೊಳೆಯ ಎರಡು ದಡದಂತಾಯಿತು ಇವರ ಬಾಳು. ಊಟಕ್ಕೆ ಕೂತರೆ ತಟ್ಟೆಯ ಸದ್ದೇ ಸದ್ದು.

ಭಾವನ ಕೋಣೆಯ ಬಾಗಿಲ ಲಾಕು ಎಂದಿನಿಂದಲೂ ಸಡಿಲ. ಬಾಗಿಲು ಕಚ್ಚಿಕೊಳ್ಳದೆ ಸದಾ ಅರ್ಧ ತೆರೆದೇ ಇರುತ್ತಿತ್ತು. ಹಿಂದೊಮ್ಮೆ ಇವನು ಅದನ್ನು ಬಿಗಿ ಮಾಡಿದ್ದಕ್ಕೆ ಅಕ್ಕ ರೇಗಿ, ಇವನ ಕೈಯಿಂದಲೇ ಮತ್ತೆ ಸಡಿಲ ಮಾಡಿಸಿದ್ದಳು. ಕಾರಣ ಹೇಳಿರಲಿಲ್ಲ. ಅವಳು ಹೋದ ಮೇಲೆ, ಒಂಟಿಯಾದವರಿಗೆ ತನ್ನ ಕೈಲಾದ ಉಪಕಾರವೆಂದು ಇವನು ಆ ಲಾಕನ್ನು ಮತ್ತೆ ಬಿಗಿದ. ಈಗ ತುಸು ಗಾಳಿ ಬೀಸಿದರೂ ಬಾಗಿಲು ಟಕ್ಕೆಂದು ಮುಚ್ಚಿಕೊಳ್ಳುತ್ತಿತ್ತು.

ಅದಾಗಿ ಕೆಲವೇ ದಿನಕ್ಕೆ ಭಾವ, ಬೇರೆ ಕಡೆ ಒಂದು ರೂಮು ನೋಡಿದ್ದೇನೆ, ಈ ತಿಂಗಳು ಕಳೆದರೆ ಹೋಗುತ್ತೇನೆ ಎಂದರು. ಹೋಗಬೇಡಿ ಅನ್ನುವ ಮಾತು ಇವನ ಗಂಟಲವರೆಗೆ ಬಂದದ್ದು ತುತ್ತಿನ ಜೊತೆ ಒಳಗೇ ಇಳಿಯಿತು. ಅಕ್ಕನ ಕಡೆಯ ಕೊನೆಯ ಎಳೆ ಅದೊಂದೇ. ಅದನ್ನು ಹೇಗೆ ಹಿಡಿದು ನಿಲ್ಲಿಸಬೇಕೋ ತಿಳಿಯಲಿಲ್ಲ.

ಮರುದಿನ ಆಟದ ಸಾಮಾನಿನ ಅಂಗಡಿಯಿಂದ ಒಂದು ಡಬ್ಬ ತಂದ. ಬಿಡಿ ಭಾಗಗಳನ್ನು ಜೋಡಿಸಿ ಮಾಡುವ ಪ್ಲಾಸ್ಟಿಕ್ ಟ್ಯಾಂಕು, ಭಾವ ಓಡಿಸುತ್ತಿದ್ದ ಜಾತಿಯದೇ. ಮಾಡಿ ಮುಂದಿಟ್ಟರೆ ಅದರ ನೆಪದಲ್ಲಾದರೂ ನಾಲ್ಕು ಮಾತು ಹೊರಟೀತು ಎಂಬ ಆಸೆ.

"ಮೇಲೆ ನೀರಿನ ಟ್ಯಾಂಕು ಸೋರ್ತಾ ಇದೆ. ಅದನ್ನ ಬಿಟ್ಟು ಇದನ್ನ ತಂದ್ರಾ?" ಎಂದಳು ಹೆಂಡತಿ. ಆದರೂ ಊಟದ ಮೇಜಿನ ಒಂದು ಮೂಲೆ ಬಿಟ್ಟುಕೊಟ್ಟಳು.

ಸಣ್ಣ ಕೆಲಸ ತನಗೆ ನೀರು ಕುಡಿದಷ್ಟು ಸುಲಭ ಎಂದುಕೊಂಡಿದ್ದವನಿಗೆ ಟ್ಯಾಂಕು ನೀರು ಕುಡಿಸಿತು. ಅಂಟು ಒಂದು ಹನಿ ಹೆಚ್ಚಾಗಿ ಪ್ಲಾಸ್ಟಿಕ್ಕೇ ಕರಗಿ, ಬೆನ್ನ ಮೇಲೆ ಅವನ ಹೆಬ್ಬೆಟ್ಟಿನ ಗುರುತು ಕೂತಿತು. ಚಕ್ರಗಳನ್ನು ಕೂರಿಸಿ ಗಾಜಿನ ಹಲಗೆಯ ಮೇಲಿಟ್ಟರೆ ಒಂದು ಚಕ್ರ ನೆಲ ಮುಟ್ಟಲೊಲ್ಲದು. ನೋಡಿದರೆ ತಳವೇ ತಿರುಚಿಕೊಂಡಿತ್ತು. ಕನ್ನಡಕದ ಕಾಲನ್ನು ಬಗ್ಗಿಸುವ ಹಾಗೆ ಬಿಸಿನೀರಲ್ಲಿ ಅದ್ದಿ, ಮೆತ್ತಗಾದಾಗ ಒತ್ತಿ ಹಿಡಿದು ನೆಟ್ಟಗೆ ಮಾಡಿದ. ಚಕ್ರಗಳ ಸುತ್ತ ಹಾಕುವ ರಬ್ಬರಿನಂಥ ಪಟ್ಟಿಗೆ ಅಂಟೇ ಹತ್ತಲಿಲ್ಲ. ಅದರ ಎರಡು ತುದಿಗಳನ್ನು ಸೂಜಿದಾರದಿಂದ ಹೊಲಿದು, ಹೊಲಿಗೆ ಕಾಣದಂತೆ ಚಕ್ರದ ಮೇಲಿನ ಮಡ್‌ಗಾರ್ಡಿನ ಮರೆಗೆ ತಳ್ಳಿದ.

ಕೊನೆಗೆ ಉಳಿದದ್ದು ಟ್ಯಾಂಕಿನ ತಲೆ, ಉದ್ದ ನಳಿಗೆ ಹೊತ್ತು ಸುತ್ತ ತಿರುಗುವ ಭಾಗ. ಅದನ್ನು ಹಿಡಿದಿಡುವ ಎರಡು ಪುಟ್ಟ ಮುಳ್ಳು ಕೂರಿಸುವಾಗಲೇ ಮುರಿದವು. ತಲೆ ಗಡಗಡ ಅಲ್ಲಾಡಿತು. ಟ್ಯಾಂಕನ್ನು ವಾಲಿಸಿದರೆ ಕಳಚಿ ಬಿತ್ತು. ಇವನು ಸಡಿಲವನ್ನು ಸಹಿಸುವವನೇ? ಡಬ್ಬದ ಮೇಲಿನ ಚಿತ್ರದಲ್ಲಿದ್ದಂತೆ ನಳಿಗೆಯನ್ನು ನೇರ ಮುಂದಕ್ಕೆ ಮಾಡಿ, ಸುತ್ತ ಅಂಟು ಹಾಕಿ ಬಿಗಿದುಬಿಟ್ಟ. ಈಗ ಬಂಡೆ ಅಂದರೆ ಬಂಡೆ. ಮೇಲೊಂದು ಕೈ ಹಸಿರು ಬಣ್ಣ ಬಳಿದ.

ಭಾನುವಾರ ಊಟದ ಹೊತ್ತಿಗೆ ಅದನ್ನು ಭಾವನ ತಟ್ಟೆಯ ಪಕ್ಕ ಇಟ್ಟ. ಭಾವ ಕೈ ತೊಳೆದು ಬಂದು ನೋಡಿದರು, ಕೈಗೆತ್ತಿಕೊಂಡರು. ಚಕ್ರ ಉರುಳಿಸಿದರು, ಹೊಲಿಗೆ ಕಂಡುಹಿಡಿದು ಸ್ವಲ್ಪ ನಕ್ಕರು ಕೂಡ. ಆಮೇಲೆ ಬೆರಳಿಟ್ಟು ನಳಿಗೆಯನ್ನು ಪಕ್ಕಕ್ಕೆ ಒತ್ತಿದರು. ಅದು ಮಿಸುಕಲಿಲ್ಲ. ಇನ್ನೊಂದು ಪಕ್ಕಕ್ಕೆ ಒತ್ತಿದರು. ಅವರ ಮುಖದ ಬಣ್ಣ ಇಳಿಯಿತು. ಟ್ಯಾಂಕನ್ನು ಕೆಳಗಿಟ್ಟು, ಹಸಿವಿಲ್ಲ ಎಂದು ಹೊರಬಾಗಿಲ ಹತ್ತಿರ ಹೋಗಿ ನಿಂತರು.

ಕೂತೇ ಇದ್ದ ಇವನನ್ನು ಹೆಂಡತಿ ಕಣ್ಣಲ್ಲೇ ಹೋಗಿ ಎಂದು ಗದರಿದಳು. ಹೋಗಿ ಪಕ್ಕದಲ್ಲಿ ನಿಂತ. ಜೀವಮಾನದಲ್ಲಿ ಮೊದಲ ಸಲ ಭಾವನೆದುರು ಅವನೇ ಮೊದಲು ಬಾಯಿ ತೆರೆದ.

"ಏನು ತಪ್ಪಾಯ್ತು ಭಾವ?"

"ತಪ್ಪೇನಿಲ್ಲ ಕಣೋ. ಡ್ರೈವರ್ ಕೂರೋ ಜಾಗದ ಮುಚ್ಚಳ ಇದೆಯಲ್ಲ, ಅದು ನಳಿಗೆ ಕೆಳಗೇ ಬರುತ್ತೆ. ನಳಿಗೆ ಪಕ್ಕಕ್ಕೆ ತಿರುಗದೆ ಇದ್ರೆ ಮುಚ್ಚಳ ಏಳಲ್ಲ. ಒಳಗಿರೋನು ಒಳಗೇ."

ಆಮೇಲೆ ನಿಧಾನಕ್ಕೆ ಹೇಳಿದರು. ಯುದ್ಧವಲ್ಲ ಗಿದ್ಧವಲ್ಲ, ಬರೀ ಅಭ್ಯಾಸ. ಟ್ಯಾಂಕು ಹಳ್ಳದ ಕೆಸರಲ್ಲಿ ಮೂಗೂರಿ ನಿಂತಿತು, ಕರೆಂಟು ಹೋಯಿತು, ಅದರ ತಲೆ ತಿರುಗಲಿಲ್ಲ. ಕೆಳಗೆ ಒಬ್ಬರೇ ಕೂತಿದ್ದ ಅವರು ಮುಚ್ಚಳ ಎತ್ತಿದರೆ ಅಂಗೈಯಷ್ಟು ಎದ್ದು ನಳಿಗೆಗೆ ಬಡಿಯುತ್ತಿತ್ತು. ಕಾಲ ಬುಡದಲ್ಲಿ ನೀರು ಏರುತ್ತಿತ್ತು. ಮೇಲಿದ್ದ ಜೊತೆಗಾರ ಕೈಚಕ್ರ ತಿರುವಿ ತಿರುವಿ, ಅಂತೂ ನಳಿಗೆಯನ್ನು ಪಕ್ಕಕ್ಕೆ ಸರಿಸಿದ.

"ಅವತ್ತಿಂದ ಬಾಗಿಲು ಮುಚ್ಚಿದ್ರೆ ನಂಗೆ ಉಸಿರು ಹಿಡಿಯುತ್ತೆ. ನಿಮ್ಮಕ್ಕನಿಗೆ ಒಬ್ಬಳಿಗೇ ಗೊತ್ತಿತ್ತು. ನೀನು ಒಳ್ಳೇದಕ್ಕೆ ಅಂತ ಲಾಕು ಬಿಗಿ ಮಾಡಿದೆ. ಇಷ್ಟು ದೊಡ್ಡ ಗಂಡಸು ಬಾಗಿಲಿಗೆ ಹೆದರ್ತೀನಿ ಅಂತ ನಿನ್ನ ಹತ್ರ ಹೇಗೆ ಹೇಳಲಿ?"

ಕನ್ನಡಕದವನು ಭಾವನನ್ನು ಮೇಜಿಗೆ ಕರೆತಂದು ಕೂರಿಸಿದ. ಒಳಗೆ ಹೋಗಿ ತನ್ನ ಪೆಟ್ಟಿಗೆ ತಂದ. ಅರ್ಧ ಫ್ರೇಮಿನ ಕನ್ನಡಕದಲ್ಲಿ ಗಾಜನ್ನು ಹಿಡಿದಿಡುವ ನೈಲಾನ್ ಎಳೆ ಅವನ ಬಳಿ ಇತ್ತು. ಅದನ್ನು ತಲೆಯ ಬುಡದ ಸಂದಿಗೆ ಸುತ್ತಿ, ಟ್ಯಾಂಕನ್ನು ಭಾವನ ಕೈಗೆ ಕೊಟ್ಟು, "ಗಟ್ಟಿ ಹಿಡ್ಕೊಳ್ಳಿ" ಎಂದ. ಇವನು ಎಳೆಯನ್ನು ಗರಗಸದಂತೆ ಅತ್ತಿತ್ತ ಎಳೆದ. ಎಳೆ ಕಾಯ್ದು ತುಂಡಾಯಿತು. ಇನ್ನೊಂದು ಹಾಕಿದ. ಅದೂ ತುಂಡಾಯಿತು. ಅವಸರ ಮಾಡಬೇಡ, ನಿಧಾನಕ್ಕೆ ಎಳಿ ಎಂದರು ಭಾವ. ತಣ್ಣಗಾದ ತಟ್ಟೆಗಳ ನಡುವೆ ಇಬ್ಬರೂ ಬೆವರಿದರು. ಹೆಂಡತಿ, ಇಬ್ಬರು ಡಾಕ್ಟರು ಸೇರಿ ಒಂದು ಹೆರಿಗೆ ಮಾಡಿಸಿದಂತಿದೆ ಎಂದಳು. ಕೊನೆಗೆ ತಲೆ ಟಪ್ಪೆಂದು ಬಿಟ್ಟುಕೊಂಡಿತು.

ಕನ್ನಡಕದಲ್ಲಿ ಮೂಗಿನ ಮೇಲೆ ಕೂರುವ ಮೆತ್ತೆಯನ್ನು ಸೀಳಿ, ಆ ತೆಳ್ಳನೆಯ ಚೂರುಗಳನ್ನು ಬೇರೆ ಅಂಟಿನಿಂದ ತಲೆಯ ಬುಡದ ಸುತ್ತ ಹಚ್ಚಿದ. ಈಗ ತಲೆ ಬೀಳಲಿಲ್ಲ, ಬೆರಳು ತಾಕಿಸಿದರೆ ಮೆಲ್ಲಗೆ ತಿರುಗಿತು. ಭಾವ ನಳಿಗೆಯನ್ನು ಪಕ್ಕಕ್ಕೆ ಸರಿಸಿ, ಉಗುರಿನಿಂದ ಡ್ರೈವರನ ಮುಚ್ಚಳ ಎಬ್ಬಿಸಿದರು. ಇವನು ಬೇಡವೆಂದು ಡಬ್ಬದಲ್ಲೇ ಬಿಟ್ಟಿದ್ದ ಅರ್ಧ ಮೈಯ ಪುಟ್ಟ ಡ್ರೈವರನನ್ನು ಹುಡುಕಿ, ತಲೆ ಹೊರಗಿರುವಂತೆ ಅಲ್ಲಿ ಕೂರಿಸಿದರು.

"ಇವನಿಗೆ ಬಣ್ಣ ಹಾಕಲಿಲ್ಲವಲ್ಲೋ."

"ನೀವೇ ಹಾಕಿ ಭಾವ" ಎಂದು ಕುಂಚ ಕೊಟ್ಟು ಅವನು ಎದ್ದ. ಮಹಡಿಯ ಮೆಟ್ಟಿಲು ಹತ್ತಿದ. ಭಾವನ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು, ತಾನೇ ಬಿಗಿದಿದ್ದ ಸ್ಕ್ರೂಗಳನ್ನು ಒಂದೊಂದಾಗಿ ಸಡಿಲಿಸಿದ. ಗಾಳಿ ಬಂದಾಗ ಬಾಗಿಲು ಕಚ್ಚಿಕೊಳ್ಳದೆ ವಾಪಸು ಬಂತು. ಲಾಕು ಗಡಗಡ ಅಂದಿತು. ಆ ಸದ್ದಿಗೆ ಅವನ ಹಲ್ಲು ಜುಮ್ಮೆಂದರೂ ಹಾಗೆಯೇ ಬಿಟ್ಟು ಇಳಿದ.

"ಎಲ್ಲಿಗೆ ಹೋಗಿದ್ರಿ?" ಎಂದಳು ಹೆಂಡತಿ, ತಟ್ಟೆಗೆ ಮತ್ತೆ ಬಿಸಿ ಮಾಡಿ ಬಡಿಸುತ್ತ.

"ಬಾಗಿಲು ಬಿಗಿಯಾಗಿತ್ತು" ಎಂದ.

ಭಾವ ಕುಂಚದಿಂದ ಕಣ್ಣೆತ್ತಲಿಲ್ಲ. ನಾಳೆ ಹೋಗಿ ಆ ರೂಮು ಬೇಡವೆಂದು ಹೇಳಿಬರಬೇಕು, ಈ ಡ್ರೈವರನ ಟೋಪಿಗೇ ಇನ್ನೊಂದು ಕೈ ಬಣ್ಣ ಬೇಕಾಗಿದೆ ಎಂದರು.